ಹವಾಲ್ದಾರ್ ಪೋಸ್ಟ್‌ಮ್ಯಾನ್ ಆದಾಗ: ಸಂಬಳ, ಪಿಂಚಣಿ, ಮತ್ತೆ ಸೇರೋ ದಿನದ ಕಾಗದ

ಇವತ್ತಿನ ಮಾತು ನಮ್ಮ ಅಪ್ರೈಸಲ್ ಬಗ್ಗೆ ಅಲ್ಲ. ನಿಮ್ಮ ಪಾಸ್‌ಪೋರ್ಟನ್ನು ಸ್ಪೀಡ್ ಪೋಸ್ಟಲ್ಲಿ ತಂದು ಸಹಿ ಹಾಕಿಸಿಕೊಳ್ತಾರಲ್ಲ, ಅವರ ಬಗ್ಗೆ. ಅದರಲ್ಲೂ ಮೊದಲು ಸೇನೆಯಲ್ಲಿದ್ದು ಆಮೇಲೆ ಅಂಚೆ ಇಲಾಖೆಗೆ ಬಂದವರ ಬಗ್ಗೆ.

ಪುಣೆ ಅಂದ್ರೆ ಸೇನೆಯ ಊರು. ದಕ್ಷಿಣ ಕಮಾಂಡ್‌ನ ಮುಖ್ಯ ಕಚೇರಿ ಇಲ್ಲೇ ಇದೆ, ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ಕೇಂದ್ರ ಇದೆ. ನಮ್ಮ ಕಡೆ ನೋಡಿದರೆ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ, ಬೆಂಗಳೂರಲ್ಲಿ ಮದ್ರಾಸ್ ಸ್ಯಾಪರ್ಸ್. ಬೆಳಗಾವಿ, ಕೊಡಗು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಓಣಿಗೊಬ್ಬ ಫೌಜಿ ಇದ್ದೇ ಇರ್ತಾನೆ. ಸಿಪಾಯಿಯಾಗಿ ಸೇರಿದವರಿಗೆ 15 ವರ್ಷ ಸೇವೆ ಆದರೆ ಪಿಂಚಣಿ ಸಿಗುತ್ತೆ. ಅಂದ್ರೆ ಮೂವತ್ತೈದು, ನಲವತ್ತಕ್ಕೆಲ್ಲ ಮನೆಗೆ ಬರ್ತಾರೆ. ಮಕ್ಕಳು ಇನ್ನೂ ಹೈಸ್ಕೂಲಲ್ಲಿ. ಆಗ ಎರಡನೇ ನೌಕರಿ ಹುಡುಕಾಟ ಶುರು, ಆನ್‌ಲೈನ್ ಫಾರಂ ತುಂಬೋ ಕೆಲಸ ನಮ್ಮಂಥ ಐಟಿ ಮಂದಿಯ ಪಾಲಿಗೆ. "ಕಾಕಾ, ನೀವು ಡಿಸ್ಚಾರ್ಜ್ ಬುಕ್ ಫೋಟೋ ಕಳಿಸ್ರಿ, ನಾ ತುಂಬ್ತೀನಿ" ಅಂತ ಎಷ್ಟು ಜನ ಹೇಳಿಲ್ಲ! ಅದಕ್ಕೇ ಈ ವಿಷಯ ನಿಮಗೆ ಗೊತ್ತಿರಬೇಕು ಅನ್ನೋದು.

ಮೊದಲು ಮೀಸಲಾತಿ. 1979ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10 ಮಾಜಿ ಸೈನಿಕರಿಗೆ. ವಯಸ್ಸಿನ ಲೆಕ್ಕಕ್ಕೆ ಸೇನೆಯಲ್ಲಿ ಕಳೆದ ವರ್ಷಗಳನ್ನು ಕಳೆದು, ಮೇಲೆ ಇನ್ನೂ 3 ವರ್ಷದ ರಿಯಾಯಿತಿ. ಇಲ್ಲಿವರೆಗೆ ಚೆನ್ನಾಗಿದೆ. ಮಹಾರಾಷ್ಟ್ರದಲ್ಲಿ ಪೋಸ್ಟ್‌ಮ್ಯಾನ್ ಆಗ್ಬೇಕಂದ್ರೆ ಮರಾಠಿ ಬರಬೇಕು ಅನ್ನೋದು ನೆನಪಿರಲಿ. ನಿಪ್ಪಾಣಿ, ಬೆಳಗಾವಿಯವರಿಗೆ ಇದು ತೊಂದರೆಯಲ್ಲ, ಮಡಿಕೇರಿಯವರಿಗೆ ಸ್ವಲ್ಪ ಕಷ್ಟ.

ಈಗ ಸಂಬಳ. ನಾವು ಕಂಪನಿ ಬದಲಿಸಿದರೆ ಹಳೇ ಸಿಟಿಸಿ ಮೇಲೆ ಚೌಕಾಸಿ ಮಾಡ್ತೀವಿ, ಅಲ್ವಾ? ಹವಾಲ್ದಾರ್ ಪೋಸ್ಟ್‌ಮ್ಯಾನ್ ಆದರೆ ಚೌಕಾಸಿಯೇ ಇಲ್ಲ. ಒಂದು ಲೆಕ್ಕ ಹಾಕೋಣ. ಸೇನೆ ಬಿಡುವಾಗ ಅವರ ಬೇಸಿಕ್ 39,200 ಅಂತ ಇಟ್ಟುಕೊಳ್ಳಿ. ಮಿಲಿಟರಿ ಸರ್ವಿಸ್ ಪೇ 5,200 ಸೇರಿಸಿ 44,400. ಅದರ ಅರ್ಧ, ಅಂದ್ರೆ 22,200 ಪಿಂಚಣಿ. ಪೋಸ್ಟ್‌ಮ್ಯಾನ್ ಹುದ್ದೆ ಲೆವೆಲ್ 3, ಆರಂಭದ ಬೇಸಿಕ್ 21,700. ಹದಿನೇಳು, ಹದಿನೆಂಟು ವರ್ಷ ಗಡಿ ಕಾದವರಿಗೂ ಅಷ್ಟೇ, ಇಪ್ಪತ್ತೊಂದರ ಹುಡುಗನಿಗೂ ಅಷ್ಟೇ. ಪಿಂಚಣಿಯ ಬೇಸಿಕ್ಕೇ ಸಂಬಳದ ಬೇಸಿಕ್‌ಗಿಂತ ಜಾಸ್ತಿ ಆಯ್ತು ನೋಡಿ.

ಇದಕ್ಕೆ ಕಾರಣ 1986ರ ವೇತನ ನಿಗದಿ ಆದೇಶಗಳು. ಕಮಿಷನ್ಡ್ ಅಧಿಕಾರಿಗಿಂತ ಕೆಳಗಿನವರಿಗೆ ಪಿಂಚಣಿಯನ್ನು ಪೂರ್ತಿ ಪಕ್ಕಕ್ಕಿಟ್ಟು, ಹೊಸ ಹುದ್ದೆಯ ಕನಿಷ್ಠ ಸಂಬಳ ಕೊಡ್ತಾರೆ. ಅಧಿಕಾರಿಗಳಿಗೆ ಬೇರೆ ಲೆಕ್ಕ: ಕೊನೆಯ ಸಂಬಳದಿಂದ ಶುರು ಮಾಡಿ, ಪಿಂಚಣಿಯಲ್ಲಿ ಮೊದಲ 15,000 ಬಿಟ್ಟು ಉಳಿದದ್ದನ್ನು ಕಳೀತಾರೆ. ಸರ್ಕಾರಿ ಬ್ಯಾಂಕಿಗೆ ಹೋದ ಜವಾನನಿಗೂ ಸೇನೆಯ ಕೊನೆಯ ಸಂಬಳ ಲೆಕ್ಕಕ್ಕೆ ಬರುತ್ತೆ. ಅಂಚೆ ಕಚೇರಿಗೆ ಬಂದವನಿಗೆ ಬರಲ್ಲ. ನನಗಂತೂ ಇದು ನ್ಯಾಯ ಅನ್ನಿಸಿಲ್ಲ.

ಇದರ ಮೇಲೆ ದೊಡ್ಡ ಜಗಳವೇ ಆಗಿದೆ, ಅದೂ ಅಂಚೆ ಇಲಾಖೆಯಲ್ಲೇ. 1958ರ ಆದೇಶ ಒಂದಿತ್ತು: ಹೊಸ ಕನಿಷ್ಠ ಸಂಬಳದಿಂದ ಸೈನಿಕನಿಗೆ ನಷ್ಟ ಆದರೆ, ಹಿಂದಿನ ಸೇವೆಯ ವರ್ಷಕ್ಕೊಂದರಂತೆ ಇನ್‌ಕ್ರಿಮೆಂಟ್ ಮುಂಚಿತವಾಗಿ ಕೊಡಬಹುದು. 1983ರಲ್ಲಿ ಜವಾನರ ಪಿಂಚಣಿಯನ್ನು ಪೂರ್ತಿ ಲೆಕ್ಕದಿಂದ ಬಿಟ್ಟರು. ಆದರೆ 1985ರಲ್ಲಿ ಸರ್ಕಾರ ಹೇಳಿದ್ದು, ನಷ್ಟ ಇದೆಯೋ ಇಲ್ಲವೋ ನೋಡುವಾಗ ಮಾತ್ರ ಪಿಂಚಣಿ ಸೇರಿಸ್ತೀವಿ ಅಂತ. ಮುಂದಿನ ಬಾಗಿಲಿಂದ ಕಳಿಸಿ ಹಿತ್ತಲ ಬಾಗಿಲಿಂದ ಒಳಗೆ ಕರೆದ ಹಾಗೆ. ಅಂಚೆ ನೌಕರರಾಗಿದ್ದ ಮಾಜಿ ಸೈನಿಕರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯ್ತು. ಅಂಚೆ ಮಹಾನಿರ್ದೇಶಕರು ವಿರುದ್ಧ ಬಿ. ರವೀಂದ್ರನ್ ಪ್ರಕರಣದಲ್ಲಿ ಕೋರ್ಟ್ 1996ರಲ್ಲಿ ಸೈನಿಕರ ಪರ ತೀರ್ಪು ಕೊಟ್ಟಿತು: ಬಿಟ್ಟ ಪಿಂಚಣಿಯನ್ನು ಮತ್ತೆ ಎಣಿಸೋ ಹಾಗಿಲ್ಲ. ಗೆದ್ದರು. ಆದರೆ ಆ ಲಾಭ ಹಳೇ ಆದೇಶದಡಿ ಸೇರಿದವರಿಗೆ ಮಾತ್ರ. 1986ರ ಜುಲೈ 1ರಿಂದ ಹೊಸ ಆದೇಶ ಬಂದು ಇನ್‌ಕ್ರಿಮೆಂಟಿನ ದಾರಿಯೇ ಮುಚ್ಚಿತ್ತು. ಇವತ್ತು ಸೇರೋ ನಿಮ್ಮ ಕಾಕಾಗೆ ಯಾರಾದರೂ ಈ ತೀರ್ಪು ತೋರಿಸಿ "ಕೇಸ್ ಹಾಕೋಣ, ಫೀಸ್ ಕೊಡಿ" ಅಂದರೆ, ಮೊದಲು ತಾರೀಕು ಕೇಳಿ.

ಇನ್ನೊಂದು ವಿಚಿತ್ರ ಇದೆ. ಸೇನೆಯೊಳಗೇ ಅಂಚೆ ನಡೆಸೋ ಆರ್ಮಿ ಪೋಸ್ಟಲ್ ಸರ್ವಿಸ್ 1972ರಿಂದ ಪ್ರತ್ಯೇಕ ಕೋರ್. 56 ಎಪಿಒ, 99 ಎಪಿಒ ಅಂತ ವಿಳಾಸ ಬರೆದಿದ್ದೀವಲ್ಲ, ಅದೇ. ಅದರ ತರಬೇತಿ ಕೇಂದ್ರ ನಮ್ಮ ಮಹಾರಾಷ್ಟ್ರದಲ್ಲೇ, ನಾಗ್ಪುರದ ಹತ್ತಿರ ಕಾಮ್ಠಿಯಲ್ಲಿದೆ. ಅಲ್ಲಿಯ ಹೆಚ್ಚಿನವರು ಅಂಚೆ ಇಲಾಖೆಯಿಂದ ಡೆಪ್ಯುಟೇಷನ್ ಮೇಲೆ ಹೋದವರು. ಅವರು ವಾಪಸ್ ಬಂದಾಗ ಸಮವಸ್ತ್ರದಲ್ಲಿ ಕಳೆದ ವರ್ಷಗಳೂ ಇಲಾಖೆಯ ಸೇವೆ ಅಂತಲೇ ಎಣಿಕೆ. ಸೇನೆಯಿಂದ ಅಂಚೆಗೆ ಬಂದವರಿಗೆ ಮಾತ್ರ 10, 20, 30 ವರ್ಷಕ್ಕೆ ಸಿಗೋ ಎಂಎಸಿಪಿ ಬಡ್ತಿಯ ಎಣಿಕೆ ಸೊನ್ನೆಯಿಂದ. ಮೂವತ್ತೆಂಟಕ್ಕೆ ಸೇರಿದವರಿಗೆ ಮೂರನೆಯದು ಸಿಗೋದೇ ಇಲ್ಲ.

ಸರಿ, ಕನಿಷ್ಠ ಸಂಬಳಕ್ಕೆ ಒಪ್ಪಿದ್ದಕ್ಕೆ ಬದಲಾಗಿ ಏನು ಸಿಗುತ್ತೆ? ಪಿಂಚಣಿ ಮೇಲಿನ ತುಟ್ಟಿ ಪರಿಹಾರ, ಅಂದ್ರೆ ಡಿಆರ್. ಮತ್ತೆ ಸರ್ಕಾರಿ ನೌಕರಿ ಸಿಕ್ಕರೆ ಡಿಆರ್ ನಿಲ್ಲುತ್ತೆ ಅಂತ ಬಹಳ ಜನ ನಂಬಿದ್ದಾರೆ, ಕೆಲವು ಕಚೇರಿಗಳವರೂ ಹಾಗೇ ಹೇಳ್ತಾರೆ. 1999ರ ಜುಲೈ ಆದೇಶದ ಪ್ರಕಾರ, ಪಿಂಚಣಿ ಪೂರ್ತಿ ಬಿಟ್ಟು ಕನಿಷ್ಠ ಸಂಬಳಕ್ಕೆ ನಿಗದಿಯಾದ ಜವಾನರಿಗೆ ಸಂಬಳದ ಡಿಎ ಜೊತೆಗೆ ಪಿಂಚಣಿಯ ಡಿಆರ್ ಕೂಡ ಸಿಗಬೇಕು. ಆದರೆ "ಇವರ ಸಂಬಳ ಕನಿಷ್ಠಕ್ಕೇ ನಿಗದಿಯಾಗಿದೆ" ಅಂತ ಅಂಚೆ ಇಲಾಖೆ ಕೊಟ್ಟ ಪ್ರಮಾಣಪತ್ರ ಪಿಂಚಣಿ ಕೊಡುವವರಿಗೆ ತಲುಪಿರಬೇಕು. ಈ ಒಂದು ಹಾಳೆಯ ಬೆಲೆ ಎಷ್ಟು? ಡಿಆರ್ 2024ರ ಜನವರಿಗೇ ಶೇ 50 ಮುಟ್ಟಿತ್ತು. ನಮ್ಮ ಲೆಕ್ಕದ 22,200ಕ್ಕೆ ತಿಂಗಳಿಗೆ 11,100, ವರ್ಷಕ್ಕೆ 1,33,200. ಪಿಂಚಣಿಯಲ್ಲಿ ಒಂದು ಭಾಗವನ್ನು ಕಮ್ಯೂಟ್ ಮಾಡಿ ದುಡ್ಡು ಮೊದಲೇ ತಗೊಂಡಿದ್ದರೂ ಡಿಆರ್ ಮೂಲ ಪಿಂಚಣಿಯ ಮೇಲೇ. ಊರಿಗೆ ಹೋದಾಗ ಕಾಕಾ ಅವರ ಪಿಂಚಣಿ ಸ್ಲಿಪ್ ತೆಗೆದು ಆ ಸಾಲು ಇದೆಯಾ ನೋಡಿ, ಸ್ಪರ್ಶ್ ಪೋರ್ಟಲ್‌ನಲ್ಲೂ ಸಿಗುತ್ತೆ.

ಸೇರೋ ದಿನದ ಇನ್ನೊಂದು ಕಾಗದ ಇದಕ್ಕಿಂತ ಸೂಕ್ಷ್ಮ. ಒಮ್ಮೆ ಮಾಜಿ ಸೈನಿಕ ಕೋಟಾದಲ್ಲಿ ಸರ್ಕಾರಿ ಹುದ್ದೆಗೆ ಸೇರಿದರೆ ಆ ಕೋಟಾ ಮುಗಿದ ಹಾಗೆ. ಎಂಟಿಎಸ್ ಹುದ್ದೆಗೆ, 18,000 ಬೇಸಿಕ್‌ಗೆ ಸೇರಿಬಿಟ್ಟರು, ಮೂರು ತಿಂಗಳಿಗೆ ಹಿಂದೆ ಬರೆದ ಪರೀಕ್ಷೆಯ ಫಲಿತಾಂಶ ಬಂತು, ಆದರೆ ಕೋಟಾ ಇಲ್ಲ! 2014ರ ಆಗಸ್ಟ್ ಆದೇಶ ಇದಕ್ಕೆ ದಾರಿ ಕೊಟ್ಟಿದೆ. ಸೇರಿದ ಕೂಡಲೇ, ತಾನು ಅದಕ್ಕೂ ಮೊದಲೇ ಅರ್ಜಿ ಹಾಕಿದ ಹುದ್ದೆಗಳೆಲ್ಲವನ್ನೂ ತಾರೀಕು ಸಮೇತ ಬರೆದು ಇಲಾಖೆಗೆ ಕೊಡಬೇಕು. ಕೊಟ್ಟರೆ ಆ ಅರ್ಜಿಗಳಿಗೆ ಕೋಟಾ ಉಳಿಯುತ್ತೆ. ಫಾರಂ ತುಂಬಿದ್ದು ನೀವಾದ್ದರಿಂದ ಪಟ್ಟಿ ನಿಮ್ಮ ಮೇಲ್‌ನಲ್ಲೇ ಇರುತ್ತೆ. ಪ್ರಿಂಟ್ ತೆಗೆದುಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ ಅಂತ ಹೇಳಿ.

ಎರಡನೇ ನೌಕರಿಯ ಪಿಂಚಣಿ ಎನ್‌ಪಿಎಸ್. ಸೇನೆಯ ಪಿಂಚಣಿಗೆ ಇದರಿಂದ ಧಕ್ಕೆ ಇಲ್ಲ. 2025ರ ಏಪ್ರಿಲ್‌ನಿಂದ ಯುಪಿಎಸ್ ಆಯ್ಕೆ ಬಂದಿದೆ, ಆದರೆ ಪೂರ್ತಿ ಅರ್ಧ ಸಂಬಳದ ಪಿಂಚಣಿಗೆ 25 ವರ್ಷ ಸೇವೆ ಬೇಕು. ಅರವತ್ತಕ್ಕೆ ನಿವೃತ್ತಿ, ಹಾಗಾಗಿ ಮೂವತ್ತೈದು ದಾಟಿ ಸೇರಿದವರು ಅಲ್ಲಿಗೆ ಮುಟ್ಟೋದೇ ಇಲ್ಲ, ಸೇವೆಯ ಪ್ರಮಾಣಕ್ಕೆ ತಕ್ಕಷ್ಟೇ. ಅಗ್ನಿಪಥ್‌ನಲ್ಲಿ ನಾಲ್ಕು ವರ್ಷಕ್ಕೆ ಹೊರಬರೋ ಹುಡುಗರಿಗೆ ಸೇನೆಯ ಪಿಂಚಣಿಯೇ ಇಲ್ಲ, ಆದ್ದರಿಂದ ಮೇಲಿನ ಡಿಆರ್ ಲೆಕ್ಕ ಅವರಿಗಲ್ಲ. ಗ್ರಾಮೀಣ ಡಾಕ್ ಸೇವಕರದ್ದೂ ಬೇರೆಯೇ ನಿಯಮ, ಅದನ್ನು ಇದರ ಜೊತೆ ಕಲಸಬೇಡಿ.

ಏನಾದರೂ ತಪ್ಪಾಗಿದ್ದರೆ ಎಲ್ಲಿಗೆ ಹೋಗೋದು? ಫೌಜಿಗಳಿಗೆ ಥಟ್ಟನೆ ನೆನಪಾಗೋದು ಸಶಸ್ತ್ರ ಪಡೆ ನ್ಯಾಯಮಂಡಳಿ. ಅಂಚೆ ಸಂಬಳದ ತಕರಾರು ಅಲ್ಲಿಗಲ್ಲ, ಕೇಂದ್ರ ಆಡಳಿತ ನ್ಯಾಯಮಂಡಳಿಗೆ. ಪುಣೆಯಲ್ಲಿ ಕೆಲಸ ಮಾಡೋರಿಗೆ ಮುಂಬೈ ಪೀಠ, ಕರ್ನಾಟಕದಲ್ಲಿದ್ದರೆ ಬೆಂಗಳೂರು ಪೀಠ. ಮೊದಲು ಇಲಾಖೆಗೆ ಲಿಖಿತ ಮನವಿ ಕೊಡಬೇಕು. ಆರು ತಿಂಗಳು ಉತ್ತರ ಬರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಕಾಗದಪತ್ರದ ಸಹಾಯಕ್ಕೆ ಇಲ್ಲಿ ಘೋರ್ಪಡಿಯ ಯುದ್ಧ ಸ್ಮಾರಕದ ಎದುರು ರಾಜ್ಯ ಸೈನಿಕ ಕಲ್ಯಾಣ ಇಲಾಖೆ ಇದೆ, ಊರಲ್ಲಾದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ. ಹೋಗುವಾಗ ಡಿಸ್ಚಾರ್ಜ್ ಬುಕ್, ಪಿಪಿಒ, ಅಂಚೆ ಇಲಾಖೆಯ ವೇತನ ನಿಗದಿ ಆದೇಶ, ಈ ಮೂರರ ನಕಲು ಕೈಯಲ್ಲಿರಲಿ.