ಮನೆಗೆ ಯಾವ ಪಿಯಾನೊ?

ಪಿಯಾನೊ ಒಂದು ಕಾಲಕ್ಕೆ ಅರಮನೆ, ಚರ್ಚು, ಕಾನ್ವೆಂಟುಗಳ ಸೊತ್ತು. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಈ ಮಹಾರಾಜರಿಗೇ ಅರ್ಪಿಸಿದ್ದಾರೆ. ಈಗ ಅದೇ ವಾದ್ಯ ಬೆಂಗಳೂರಿನ ಎರಡು ರೂಮಿನ ಫ್ಲ್ಯಾಟಿಗೂ ಬಂದಿದೆ. ಮಗಳು ಗ್ರೇಡ್ ಪರೀಕ್ಷೆಗೆ ಕಟ್ಟಿರುತ್ತಾಳೆ, ಮನೆಯಲ್ಲೊಂದು ಪಿಯಾನೊ ಇರಲಿ ಎಂದು ಟೀಚರ್ ಹೇಳಿರುತ್ತಾರೆ. ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಪಾಲಿಶಿನ ಹೊಳಪು, ಆಮೇಲೆ ಬೆಲೆಯ ಚೀಟಿ. ಕೊಳ್ಳುವವರು ವಿಚಾರಿಸಬೇಕಾದ್ದು ಮಾತ್ರ ಬೇರೆಯೇ ಇದೆ: ಕೀ ಒತ್ತಿದಾಗ ಒಳಗೆ ಏನಾಗುತ್ತದೆ?

ಸುತ್ತಿಗೆಯ ಗುಟ್ಟು

ಪಿಯಾನೊಗಿಂತ ಮೊದಲಿದ್ದ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಹೆಚ್ಚುಕಡಿಮೆ ಒಂದೇ ನಾದ. ಸುಮಾರು 1700ರಲ್ಲಿ ಫ್ಲಾರೆನ್ಸಿನ ಮೆದಿಚಿ ಆಸ್ಥಾನದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಮೀಟುವುದನ್ನು ಬಿಟ್ಟು, ತಂತಿಗೆ ಸುತ್ತಿಗೆಯಿಂದ ಬಡಿಯುವ ಏರ್ಪಾಡು ಮಾಡಿದ. ತೊಡಕು ಇದ್ದದ್ದು ಬಡಿದ ನಂತರ. ಸುತ್ತಿಗೆ ತಂತಿಗೆ ಒತ್ತಿಕೊಂಡೇ ಇದ್ದರೆ ನಾದ ಅಲ್ಲೇ ಸಾಯುತ್ತದೆ. ಹಾಗಾಗಿ ತಂತಿ ಮುಟ್ಟುವ ಕ್ಷಣಕ್ಕೆ ಮುಂಚೆಯೇ ಅದು ಕೀಯ ಹಿಡಿತ ತಪ್ಪಿಸಿಕೊಳ್ಳುವಂತೆ ಮಾಡಿದ. ಬೆರಳು ಬಿಟ್ಟ ಮೇಲೆ ಕೇರಂ ಸ್ಟ್ರೈಕರ್ ತಾನೇ ಸಾಗುವ ಹಾಗೆ, ಸುತ್ತಿಗೆ ಕೊನೆಯ ತುಸು ದೂರವನ್ನು ತನ್ನ ವೇಗದಲ್ಲೇ ದಾಟಿ, ಬಡಿದು ಹಿಂದೆ ಸರಿಯುತ್ತದೆ.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಒಂದು ಬಿಳಿ ಕೀಯನ್ನು ಆದಷ್ಟು ನಿಧಾನವಾಗಿ ಒತ್ತಿ. ಅದು ಇಳಿಯುವುದೇ ಸುಮಾರು ಒಂದು ಸೆಂಟಿಮೀಟರ್. ಸದ್ದು ಬರುವುದಿಲ್ಲ, ಆದರೆ ತಳ ಮುಟ್ಟುವ ಮುನ್ನ ಬೆರಳಿಗೆ ಸಣ್ಣದೊಂದು ತಡೆ ತಾಗುತ್ತದೆ. ಸುತ್ತಿಗೆ ಕಳಚಿಕೊಳ್ಳುವುದು ಅಲ್ಲಿಯೇ. ಈ ತಡೆ, ಈ ಭಾರ 88 ಕೀಗಳಲ್ಲೂ ಏರುಪೇರಿಲ್ಲದೆ ಸಿಕ್ಕಿದರೆ ಯಂತ್ರ ಚೆನ್ನಾಗಿದೆ ಎಂದರ್ಥ.

ಗ್ರ್ಯಾಂಡೋ, ಅಪ್‌ರೈಟೋ?

ಗ್ರ್ಯಾಂಡ್‌ನಲ್ಲಿ ತಂತಿಗಳು ಮಲಗಿರುತ್ತವೆ, ಸುತ್ತಿಗೆ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ. 1821ರಲ್ಲಿ ಸೆಬಾಸ್ಟಿಯನ್ ಎರಾರ್ ಪೇಟೆಂಟ್ ಪಡೆದ ಏರ್ಪಾಡಿನಿಂದಾಗಿ, ಕೀ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ಅಪ್‌ರೈಟಿನಲ್ಲಿ ತಂತಿಗಳು ನಿಂತಿರುವುದರಿಂದ ಸುತ್ತಿಗೆ ಹಿಂದಕ್ಕೆ ಬರಲು ಸ್ಪ್ರಿಂಗಿನ ನೆರವು ಬೇಕು. ಈ ವ್ಯತ್ಯಾಸ ಕಾಡುವುದು ಮೇಲಿನ ಗ್ರೇಡುಗಳಿಗೆ ಹೋದ ಮೇಲೆ. ಅಲ್ಲಿಯವರೆಗೆ ಒಳ್ಳೆಯ ಅಪ್‌ರೈಟ್ ಧಾರಾಳವಾಗಿ ಸಾಕು.

ಅಪ್‌ರೈಟ್ ಆರಿಸುವಾಗ ಎತ್ತರ ನೋಡಿ. ಯಮಾಹಾದ ಯು1 121 ಸೆಂಟಿಮೀಟರ್, ಯು3 131. ಆ 10 ಸೆಂಟಿಮೀಟರಿನಲ್ಲಿ ಮಂದ್ರದ ತಂತಿ ಉದ್ದವಾಗುತ್ತದೆ, ನಾದ ಹಬ್ಬಿಸುವ ಹಿಂಬದಿಯ ಹಲಗೆ ಅಗಲವಾಗುತ್ತದೆ. ಹಾಲ್‌ನಲ್ಲಿ ಶೋಭಿಸಲಿ ಎಂದು ಐದಡಿಯ ಬೇಬಿ ಗ್ರ್ಯಾಂಡ್ ತರುವವರು ಒಮ್ಮೆ ಎತ್ತರದ ಅಪ್‌ರೈಟಿನ ಪಕ್ಕ ಕೂತು ಎರಡರ ಎಡತುದಿಯ ಕೀಗಳನ್ನೂ ನುಡಿಸಿ ನೋಡಲಿ. ಎಷ್ಟೋ ಸಲ ಅಪ್‌ರೈಟೇ ಗೆಲ್ಲುತ್ತದೆ. ಸುಮಾರು 230 ತಂತಿಗಳ ಟನ್‌ಗಟ್ಟಲೆ ಬಿಗಿತವನ್ನು ತಾಳುವ ಎರಕದ ಕಬ್ಬಿಣದ ಚೌಕಟ್ಟು ಒಳಗಿರುವುದರಿಂದ ಯು1 ಕೂಡ 200 ಕಿಲೊ ದಾಟುತ್ತದೆ. ಮುಂಗಡ ಕೊಡುವ ಮೊದಲು ಲಿಫ್ಟು, ಮೆಟ್ಟಿಲಿನ ತಿರುವು ಅಳೆದುಕೊಳ್ಳಿ.

ತಂತಿಯಿಲ್ಲದ್ದು

ಡಿಜಿಟಲ್ ಪಿಯಾನೊದಲ್ಲಿ ನುಡಿಯುವುದು ಸಾಮಾನ್ಯವಾಗಿ ದೊಡ್ಡ ಗ್ರ್ಯಾಂಡ್‌ನ ಧ್ವನಿಮುದ್ರಣ. ಶ್ರುತಿ ಮಾಡಿಸುವ ಗೋಜಿಲ್ಲ, ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹತ್ತಕ್ಕೂ ಅಭ್ಯಾಸ ಸಾಗುತ್ತದೆ. ಯಮಾಹಾ ಪಿ, ರೋಲ್ಯಾಂಡ್ ಎಫ್‌ಪಿ, ಕ್ಯಾಸಿಯೊ ಪ್ರಿವಿಯಾ, ಕವಾಯಿ ಇಎಸ್ ಸರಣಿಗಳು ಹೆಚ್ಚಾಗಿ ಸಿಗುತ್ತವೆ. ನೂರಾರು ವಾದ್ಯಗಳ ಧ್ವನಿ, ರಿದಮ್ ಇದೆಯೆಂಬ ಆಮಿಷಕ್ಕೆ ಮರುಳಾಗಬೇಡಿ. 88 ಕೀ ಇರಬೇಕು, ಸುತ್ತಿಗೆಯ ಭಾರವಿರಬೇಕು, ಆ ಭಾರ ಎಡದಿಂದ ಬಲಕ್ಕೆ ಹಗುರಾಗುತ್ತ ಹೋಗಬೇಕು, ಅಲುಗದ ಸ್ಟ್ಯಾಂಡೂ ಪೆಡಲೂ ಇರಬೇಕು. ಹಗುರ ಕೀಗಳ 61ರ ಕೀಬೋರ್ಡಿನಲ್ಲಿ ಪಳಗಿದ ಮಗು ನಿಜವಾದ ಪಿಯಾನೊ ಮುಂದೆ ಕೂತಾಗ ಬೆರಳು ಸೋಲುತ್ತದೆ.

ಸೆಕೆಂಡ್‌ಹ್ಯಾಂಡ್ ಆದರೆ

ಜಪಾನಿನ ಹಳೆಯ ಅಪ್‌ರೈಟುಗಳು ನಮ್ಮಲ್ಲೂ ಮಾರಾಟಕ್ಕೆ ಬರುತ್ತವೆ. ಸೀರಿಯಲ್ ನಂಬರಿನಿಂದ ತಯಾರಾದ ವರ್ಷ ತಿಳಿಯುತ್ತದೆ. ಮೇಲಿನ ಮುಚ್ಚಳ ತೆಗೆಸಿ ಟಾರ್ಚ್ ಬಿಡಿ. ಸುತ್ತಿಗೆಯ ಉಣ್ಣೆಯ ಮೇಲೆ ತಂತಿ ಕೊರೆದ ಮೂರು ಗೆರೆ ಕಾಣುತ್ತವೆ, ಏಕೆಂದರೆ ನಡುವಿನ ಮತ್ತು ಮೇಲಿನ ಒಂದೊಂದು ಸ್ವರಕ್ಕೂ ಮೂರು ತಂತಿ. ಗೆರೆ ತೆಳುವಾಗಿದ್ದರೆ ಚಿಂತೆಯಿಲ್ಲ, ಆಳವಾದ ಗುಂಡಿಯಾಗಿದ್ದರೆ ಅಷ್ಟು ದುಡಿದಿದೆ. ತುಕ್ಕು, ನುಸಿ ತಿಂದ ಉಣ್ಣೆ, ಹಲಗೆಯ ಬಿರುಕು ನೋಡಿ. ಶ್ರುತಿ ತಪ್ಪಿದ್ದರೆ ಸರಿಪಡಿಸಬಹುದು. ತಂತಿ ಸುತ್ತಿದ ಗೂಟಗಳೇ ಸಡಿಲವಾಗಿದ್ದರೆ ಇಂದು ಮಾಡಿದ ಶ್ರುತಿ ನಾಳೆ ನಿಲ್ಲುವುದಿಲ್ಲ, ಆ ವ್ಯಾಪಾರ ಬಿಟ್ಟುಬಿಡಿ. ನೋಡಲು ಹೋಗುವಾಗ ಟ್ಯೂನರ್ ಒಬ್ಬರು ಜೊತೆಗಿದ್ದರೆ ಅವರಿಗೆ ಕೊಟ್ಟ ಫೀಸು ದಂಡವಾಗದು.

ಮರ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುತ್ತದೆ. ಬೆಂಗಳೂರಿನ ಮಾರ್ಚಿನಲ್ಲಿ ಇಳಿದ ಶ್ರುತಿ ಮಳೆಗಾಲದಲ್ಲಿ ಏರುವುದು ಸಹಜ. ಮಂಗಳೂರಿನ ಕಡೆ ಕೀಗಳು ಅಂಟಿಕೊಳ್ಳುವುದೂ ಉಂಟು. ಕರಾವಳಿಯಲ್ಲಿ ಪಿಯಾನೊದೊಳಗೆ ಸಣ್ಣ ಬಲ್ಬು ಉರಿಸಿಡುವುದು ಹಳೆಯ ಉಪಾಯ. ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸಬೇಕು. ಕರೆದರೆ ಬರುವ ಟ್ಯೂನರ್ ಇಲ್ಲದ ಊರಿನಲ್ಲಿ ಒಳ್ಳೆಯ ಡಿಜಿಟಲ್ಲೇ ಜಾಣತನ. ಟ್ಯೂನರ್ ಇದ್ದು, ಎರಡು ಮೂರು ವರ್ಷದ ನಂತರವೂ ಆಸಕ್ತಿ ಉಳಿದಿದ್ದರೆ ಅಪ್‌ರೈಟಿಗೆ ಹೋಗಬಹುದು.

ಯಾವುದೇ ಆಗಲಿ, ಕಲಿಯುವ ಮಗುವನ್ನು ಅಂಗಡಿಗೆ ಕರೆದೊಯ್ದು ಒಂದೇ ಪಾಠವನ್ನು ಎಲ್ಲದರ ಮೇಲೂ ನುಡಿಸಲು ಬಿಡಿ. ದುಡ್ಡು ಕೊಡುವವರ ಅಭಿಪ್ರಾಯ ಆಮೇಲೆ ಕೇಳಿದರಾಯಿತು.