ಹಳ್ಳದ ನೀರು ಬೆಳಗುವ ಮನೆ

ಸಹ್ಯಾದ್ರಿಯ ಅನೇಕ ಒಂಟಿಮನೆಗಳಂತೆ ನಮ್ಮ ಮನೆಗೂ ವಿದ್ಯುತ್ ಕಂಬಗಳ ಸಾಲು ತಲುಪಿಲ್ಲ. ಆದರೂ ನಾವು ಕತ್ತಲೆಯಲ್ಲಿಲ್ಲ. ಗುಡ್ಡದ ಹಳ್ಳದ ನೀರನ್ನು ಕೊಳವೆಯಲ್ಲಿ ಇಳಿಸಿ 1 ಕಿಲೋವಾಟ್‌ನ ಪುಟ್ಟ ಟರ್ಬೈನ್ ತಿರುಗಿಸುತ್ತೇವೆ. ಮುಂಗಾರಿನಿಂದ ಮಾಘದವರೆಗೆ ದೀಪ, ರೇಡಿಯೊ, ಮಿಕ್ಸಿಗಳಿಗೆ ಅದು ಸಾಕು. ಮಿಕ್ಕ ವಿದ್ಯುತ್ತು ಸ್ನಾನದ ನೀರನ್ನು ಕಾಯಿಸುತ್ತದೆ. ಫಾಲ್ಗುಣದಲ್ಲಿ ಹಳ್ಳ ಸೊರಗಿದಾಗ ಮಾಡಿನ ಮೇಲಿನ ಸೌರಫಲಕಗಳ ಸರದಿ. ಮಳೆಗಾಲದಲ್ಲಿ ಮುಖ ಮರೆಸಿದ ಸೂರ್ಯ ಬೇಸಿಗೆಯಲ್ಲಿ ಕೈಹಿಡಿಯುತ್ತಾನೆ.

ಅಡುಗೆಗೆ ಗೋಬರ್ ಗ್ಯಾಸ್. 2 ಘನಮೀಟರ್ ಸ್ಥಾವರಕ್ಕೆ ದಿನವೂ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಹೊರಬರುವ ಬಗ್ಗಡ ಅಡಿಕೆ ತೋಟಕ್ಕೆ ಗೊಬ್ಬರವಾಗುತ್ತದೆ.

“ಎಂಥ ಸರಳ ಜೀವನ!” ಎಂದು ನೆಂಟರು ಹೊಗಳುವುದುಂಟು. ಆದರೆ ಆ ಸಗಣಿಯನ್ನು ಹೊತ್ತು ಕಲಸುವವರು ಯಾರು? ಪಟ್ಟಣದಲ್ಲಿ ಗುಂಡಿ ಒತ್ತಿದರೆ ಆಗುವ ಕೆಲಸವನ್ನು ಇಲ್ಲಿ ಕೈಗಳೇ ಮಾಡಬೇಕು. ಆ ಕೈಗಳೆಲ್ಲ ಗೃಹಿಣಿಯವೇ ಆದರೆ ಅದನ್ನು ಸರಳ ಜೀವನವೆನ್ನಲು ನಮಗೆ ಮನಸ್ಸೊಪ್ಪದು. ಆದ್ದರಿಂದ ಸಗಣಿ ಕಲಸುವುದೂ, ಕೊಳವೆಯ ಬಾಯಿಗೆ ಕಟ್ಟಿದ ತರಗೆಲೆ ತೆಗೆಯುವುದೂ ನಮ್ಮಲ್ಲಿ ಗಂಡಸರ ಪಾಲು. ಬೇಡವಾದ ದೀಪ ಆರಿಸುವ ಕಾವಲು ಮಕ್ಕಳದು. ಪರೀಕ್ಷೆಯ ದಿನಗಳಲ್ಲಿ ಮೊದಲ ಹಕ್ಕು ಓದುವ ದೀಪಕ್ಕೆ; ಮಿಕ್ಸಿಗೆ ಬಿಡುವು. ಆಗ ಒರಳುಕಲ್ಲಿನ ಮುಂದೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಸರದಿಯಂತೆ ಕೂರುತ್ತೇವೆ.

ಓದುಗ ಬಂಧುಗಳು ಕಂಬದ ವಿದ್ಯುತ್ತನ್ನು ತೊರೆಯಬೇಕಿಲ್ಲ. ತಮ್ಮ ಮನೆಯ ನೀರು, ಬೆಳಕು, ಅನ್ನದ ಹಿಂದೆ ಯಾರ ಬೆವರಿದೆಯೆಂದು ಒಂದು ದಿನ ಲೆಕ್ಕ ಹಾಕಿ ನೋಡಲಿ. ಹಂಚಿಕೊಂಡ ಕೆಲಸ ಹಗುರ. ಹಗುರವಾದ ಮನೆಯಲ್ಲಿಯೇ ನೆಮ್ಮದಿ.