ಶಿಂಷೆಯ ದಾರಿಯಲ್ಲಿ ನೀರು ಕಾಯುವವರು

ಕೆರೆ ತುಂಬಿದೆ, ತೂಬು ಎತ್ತಬೇಕು. ಮೊದಲ ನೀರು ಯಾರ ಗದ್ದೆಗೆ? ಏರಿಯ ಬುಡದಲ್ಲೇ ಹತ್ತು ಎಕರೆ ಇರುವ ಪಟೇಲರಿಗೋ, ಅಚ್ಚುಕಟ್ಟಿನ ತುದಿಯಲ್ಲಿ ಅರ್ಧ ಎಕರೆ ನಂಬಿಕೊಂಡವನಿಗೋ? ಇವತ್ತು ಇಂಥ ಪ್ರಶ್ನೆ ಎದ್ದರೆ ಪಂಚಾಯಿತಿ, ಪೊಲೀಸು, ಕೋರ್ಟು ಅಂತ ಅಲೆಯಬೇಕಾಗುತ್ತದೆ. ಹಿಂದೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಊರುಗಳಲ್ಲಿ ಇದಕ್ಕೆ ಒಬ್ಬನೇ ಉತ್ತರ ಹೇಳುತ್ತಿದ್ದ. ಹೆಗಲ ಮೇಲೆ ಸನಿಕೆ, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ. ಅವನು ಊರಿನ ನೀರುಗಂಟಿ.

ತುಮಕೂರು ಜಿಲ್ಲೆಯಲ್ಲಿ ಪರಿಸರಕ್ಕಾಗಿ ದುಡಿಯುವ ಸಂಘ ಸಂಸ್ಥೆಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ಆದರೆ ಯಾವ ಊರಿನಲ್ಲಿ ಕೆರೆಯ ಮಾತು ತೆಗೆದರೂ ಹಿರಿಯರ ಮಾತು ನೀರುಗಂಟಿಯ ಬಳಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಮೊದಲು ಅವನ ಕಥೆಯನ್ನೇ ಹೇಳಬೇಕು.

ಹಳೆಯ ಕೆರೆಗಳಲ್ಲಿ ಏರಿಯ ಒಳಮಗ್ಗುಲಿಗೆ, ನೀರಿನ ನಡುವೆ ಎರಡು ಕಲ್ಲುಗಂಬಗಳು ನಿಂತಿರುವುದನ್ನು ನೀವು ನೋಡಿರಬಹುದು. ಕಂಬಗಳ ನಡುವೆ ಅಡ್ಡಡ್ಡ ಚಪ್ಪಡಿಗಳು, ಚಪ್ಪಡಿಗಳಲ್ಲಿ ತೂತು. ಆ ತೂತುಗಳ ಮೂಲಕ ಒಂದು ಉದ್ದನೆಯ ಮರದ ಗಳು ಇಳಿದು ತಳದ ಕಿಂಡಿಯನ್ನು ಮುಚ್ಚಿರುತ್ತದೆ. ನೀರುಗಂಟಿ ಈಜಿ ಹೋಗಿ ಕಂಬ ಹಿಡಿದು, ಗಳುವನ್ನು ಬೇಕಾದಷ್ಟು ಮೇಲೆತ್ತಿ ಬೆಣೆ ಕೊಡುತ್ತಿದ್ದ. ಕಿಂಡಿಗೆ ಕಸಕಡ್ಡಿ ಸಿಕ್ಕಿಕೊಂಡರೆ ಉಸಿರು ಬಿಗಿಹಿಡಿದು ಮುಳುಗಬೇಕು. ಸೆಳೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟವರ ನೆನಪು ಎಷ್ಟೋ ಊರುಗಳಲ್ಲಿ ಇನ್ನೂ ಹಸಿಯಾಗಿದೆ.

ತೂಬು ಎತ್ತುವುದು ಅವನ ಕೆಲಸದ ಒಂದು ಭಾಗ ಮಾತ್ರ. ಕಾಲುವೆಯುದ್ದಕ್ಕೂ ನಡೆದು ಯಾವ ಮಡವೆ ಯಾವಾಗ ಒಡೆಯಬೇಕು, ಯಾವಾಗ ಕಟ್ಟಬೇಕು ಎಂದು ತೀರ್ಮಾನಿಸುವವನೂ ಅವನೇ. ಹಗಲು ಒಬ್ಬರಿಗೆ, ರಾತ್ರಿ ಮತ್ತೊಬ್ಬರಿಗೆ. ಕೆರೆ ಅರ್ಧ ಮಾತ್ರ ತುಂಬಿದ ವರ್ಷ ಊರವರೆಲ್ಲ ಸೇರಿ ದಾಮಾಷ ಮಾಡುತ್ತಿದ್ದರು. ಇರುವ ನೀರಿಗೆ ಎಷ್ಟು ಗದ್ದೆ ನೆನೆಯುತ್ತದೋ ಅಷ್ಟನ್ನು ಮಾತ್ರ ತೂಬಿನ ಹತ್ತಿರದಲ್ಲಿ ಗುರುತಿಸಿ, ಅದರಲ್ಲಿ ಪ್ರತಿಯೊಬ್ಬರಿಗೂ ಅವರವರ ಹಿಡುವಳಿಗೆ ತಕ್ಕ ಪಾಲು ಕೊಡುವುದು. ತನ್ನ ಗದ್ದೆ ಬೇರೆ ಕಡೆ ಇದ್ದರೂ ಆ ವರ್ಷ ಪಕ್ಕದವನ ಮಣ್ಣಿನಲ್ಲಿ ನಾಟಿ ಮಾಡಬಹುದು. ಪಾಲು ತಪ್ಪದಂತೆ ನೀರು ಹಾಯಿಸುವ ಹೊಣೆ ಮತ್ತೆ ನೀರುಗಂಟಿಯದೇ. ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ಓಡಾಡಿ, ಇಲಿ ಹೆಗ್ಗಣ ಕೊರೆದ ಬಿಲದಲ್ಲಿ ನೀರು ಜಿನುಗುತ್ತಿದೆಯೇ ಎಂದು ನೋಡಬೇಕು. ಗಂಡಿ ಬೀಳುವ ಸೂಚನೆ ಕಂಡರೆ ಊರನ್ನೇ ಎಬ್ಬಿಸಬೇಕು.

ಈ ಕೆಲಸ ಬಹುಪಾಲು ದಲಿತ ಕುಟುಂಬಗಳದ್ದಾಗಿತ್ತು, ತಂದೆಯಿಂದ ಮಗನಿಗೆ ಬರುತ್ತಿತ್ತು. ಊರಿನ ಕೆಲಸಕ್ಕೆ ಬೆಳೆಯಲ್ಲಿ ಪಾಲು ಪಡೆಯುವ ಹನ್ನೆರಡು ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ಸುಗ್ಗಿಯಲ್ಲಿ ಕಣದ ಬಳಿ ಹೋಗಿ ತನ್ನ ಆಯ ಪಡೆಯುತ್ತಿದ್ದ, ಜೊತೆಗೆ ಒಂದು ತುಂಡು ಇನಾಂ ಜಮೀನು. ಎಷ್ಟೋ ಕಡೆ ಅಚ್ಚುಕಟ್ಟಿನಲ್ಲಿ ಅವನ ಸ್ವಂತ ಗದ್ದೆ ಇರುತ್ತಿರಲಿಲ್ಲ. ಸ್ವಾರ್ಥವಿಲ್ಲದ್ದರಿಂದಲೇ ಅವನ ಮಾತನ್ನು ಎಲ್ಲರೂ ಒಪ್ಪುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಅದು ನಿಜ. ಆದರೆ ಊರಿಗೆಲ್ಲ ನೀರು ಹಂಚಿದವನ ಪಾಲಿಗೆ ತೇವದ ನೆಲ ಬರಲಿಲ್ಲ ಎಂಬುದೂ ಅಷ್ಟೇ ನಿಜ. ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಇದನ್ನು ಮರೆಯಬಾರದು.

ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ ಮೈಸೂರು ರಾಜ್ಯದಲ್ಲಿ ಬಂದದ್ದು 1961ರಲ್ಲಿ. ವಂಶಪಾರಂಪರ್ಯದ ಕಟ್ಟು ಹೋಯಿತು, ಹೋಗಬೇಕಾದದ್ದೇ. ಆದರೆ ತೂಬು ಕಾಯುವ ಕೆಲಸವನ್ನು ಆ ಜಾಗದಲ್ಲಿ ಯಾರಿಗೂ ಸರಿಯಾಗಿ ವಹಿಸಲಿಲ್ಲ. ಇವತ್ತು 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯಿತಿಗೆ, ಅದಕ್ಕೂ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಗ್ರಾಮ ಪಂಚಾಯಿತಿಗಳಲ್ಲಿ ನೀರುಗಂಟಿ ಎಂಬ ಹುದ್ದೆ ಈಗಲೂ ಇದೆ. ಅವರು ಬೆಳಿಗ್ಗೆ ಎದ್ದು ಬೋರ್‌ವೆಲ್ ಮೋಟರು ಹಾಕುತ್ತಾರೆ, ಕುಡಿಯುವ ನೀರಿನ ವಾಲ್ವ್ ತಿರುಗಿಸುತ್ತಾರೆ. ಕೆರೆಗೂ ಅವರಿಗೂ ಸಂಬಂಧವಿಲ್ಲ.

ಈ ಖಾಲಿ ಜಾಗವನ್ನು ತುಂಬಲು ಸಂಘಗಳು ಹುಟ್ಟಿಕೊಂಡವು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆಗಳ ಪುನಶ್ಚೇತನ ಆರಂಭವಾದಾಗ ತುಮಕೂರೂ ಆ ಜಿಲ್ಲೆಗಳ ಪಟ್ಟಿಯಲ್ಲಿತ್ತು. ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ಹೂಳು ತೆಗೆದು ಹೊಲಗಳಿಗೆ ಗೋಡು ಹೊಡೆದರು, ತೂಬು ಕೋಡಿ ರಿಪೇರಿ ಮಾಡಿಸಿದರು. ಅದೇ ಕಾಲಕ್ಕೆ, 2001ರಿಂದ 2009ರವರೆಗೆ, ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಹಳ್ಳದ ಎರಡೂ ದಡದ ರೈತರು ಪ್ರದೇಶ ಗುಂಪು ಕಟ್ಟಿಕೊಂಡು ಬದು, ಕೃಷಿಹೊಂಡ, ಚೆಕ್‌ಡ್ಯಾಂಗಳನ್ನು ಎಲ್ಲೆಲ್ಲಿ ಮಾಡಬೇಕೆಂದು ತಾವೇ ಕೂತು ನಕ್ಷೆ ಬರೆದರು. ಈಚೆಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕೂಡ ಇದೇ ದಾರಿಯಲ್ಲಿದೆ. ಯೋಜನೆ ಮುಗಿದ ಮೇಲೆ ಗಟ್ಟಿಯಾಗಿ ಉಳಿಯುವುದು ಊರವರು ತಮ್ಮ ಕೈಯಿಂದ ವಂತಿಗೆ ಹಾಕಿ, ಏರಿ ನೋಡಿಕೊಳ್ಳಲು ಒಬ್ಬನಿಗೆ ಕೂಲಿ ಕೊಟ್ಟು ನಿಲ್ಲಿಸುವ ಸಂಘಗಳು. ಉಳಿದ ಕಡೆ ಜಾಲಿ ಬೆಳೆದು ಏರಿಯೇ ಕಾಣದಂತಾಗುತ್ತದೆ.

ಕೆರೆಯಿಂದ ನೀರಿನ ದಾರಿ ಹಿಡಿದು ಮೇಲಕ್ಕೆ ಹೋದರೆ ಸಿಗುವುದು ದೇವರಾಯನದುರ್ಗ. ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಎರಡು ದಿಕ್ಕಿಗೆ ಹರಿಯುತ್ತದೆ. ಒಂದು ಪಾಲು ಜಯಮಂಗಲಿಯಾಗಿ ಉತ್ತರ ಪಿನಾಕಿನಿಯನ್ನು ಸೇರಿ ಆಂಧ್ರಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಶಿಂಷೆ. ಅದು ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿಸಿ, ತುರುವೇಕೆರೆ ದಾಟಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬಂದು, ಮದ್ದೂರಿನ ಮೇಲೆ ಹಾದು ಕಾವೇರಿಗೆ ಸೇರುತ್ತದೆ. ಕಡಬದ ಏರಿಯನ್ನು ಲಂಕೆಯಿಂದ ಮರಳುವಾಗ ಶ್ರೀರಾಮನೇ ಕಟ್ಟಿಸಿದ್ದೆಂದು ಊರಿನ ನಂಬಿಕೆ. ಬೆಟ್ಟದ ತಪ್ಪಲಿನ ನಾಮದ ಚಿಲುಮೆಗೂ ರಾಮನ ಕಥೆಯೇ ಇದೆ. ನೀರು ಸಿಕ್ಕಿದ ಕಡೆಯೆಲ್ಲ ರಾಮ ಬಂದು ಹೋದ ಸೀಮೆ ಇದು.

ಈ ಬೆಟ್ಟದ ಕಾಡನ್ನು ತುಮಕೂರು ನಗರದವರ ಕಣ್ಣಿಗೆ ತಂದವರಲ್ಲಿ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನ ಗೆಳೆಯರು ಮುಖ್ಯರು. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಬದುಕುವ ಹಳದಿ ಕೊರಳಿನ ಪಿಕಳಾರ ಇಲ್ಲಿದೆ. 1999ರಲ್ಲಿ ಇವರು ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟಿ ಮರಿ ಮಾಡುವುದನ್ನು ದಾಖಲಿಸಿದರು. ಊರಿನವರು ಅದಕ್ಕೂ ಮೊದಲೇ ಹಕ್ಕಿಗಳನ್ನು ಕಾಯುತ್ತಿದ್ದರು. ಗೂಡಿರುವ ಮರಗಳ ಹುಣಸೆಹಣ್ಣು ಬಡಿಯುವುದನ್ನೇ ಬಿಟ್ಟಿದ್ದರು. ತುಮಕೂರು ಸೀಮೆಯ ಬಡ ರೈತನಿಗೆ ಹುಣಸೆ ಎಂದರೆ ಕೈಗೆ ಸಿಗುವ ನಗದು, ಅದನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಮೇಯುವ ಕೃಷ್ಣಮೃಗಗಳ ವಿಷಯ ಹೊರಗೆ ತಂದದ್ದರಲ್ಲೂ ಈ ಕ್ಲಬ್ಬಿನ ಪಾಲಿದೆ. 798 ಎಕರೆಯ ಆ ಜಾಗ 2007ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು. ಅದಕ್ಕೆ ಇಟ್ಟ ಹೆಸರು ಜಯಮಂಗಲಿ, ದೇವರಾಯನದುರ್ಗದಲ್ಲಿ ಹುಟ್ಟಿದ ಅದೇ ನದಿಯದು. ಹಕ್ಕಿ ನೋಡುವುದು ಉಳ್ಳವರ ಹವ್ಯಾಸ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೇ: ಕೆರೆಯಲ್ಲಿ ಮೀನಿಲ್ಲದಿದ್ದರೆ ಕೊಕ್ಕರೆ ಬರುವುದಿಲ್ಲ. ಕೊಕ್ಕರೆಯ ಲೆಕ್ಕ ಇಟ್ಟವರು ಕೆರೆಯ ಲೆಕ್ಕವನ್ನೂ ಇಟ್ಟಂತೆಯೇ.

ಮತ್ತೆ ಗುಬ್ಬಿಯ ಕಡೆಗೆ ಬಂದರೆ ಸಾಲುಮರದ ತಿಮ್ಮಕ್ಕನನ್ನು ನೆನೆಯದೆ ಮುಂದೆ ಹೋಗಲಾಗದು. ಆಕೆ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ, ಮದುವೆಯಾಗಿ ಹೋದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಹುಲಿಕಲ್ಲಿನಿಂದ ಕುದೂರಿನವರೆಗಿನ ನಾಲ್ಕು ಕಿಲೋಮೀಟರ್ ದಾರಿಯಲ್ಲಿ 385 ಆಲದ ಮರಗಳು. ಮಕ್ಕಳಿಲ್ಲದ ದಂಪತಿ, ಕೂಲಿ ಮಾಡಿ ಬದುಕುವವರು. ಮೊದಲ ವರ್ಷ ಹತ್ತು ಸಸಿ, ಆಮೇಲೆ ವರ್ಷಕ್ಕಿಷ್ಟು. ಗಂಡ ಚಿಕ್ಕಯ್ಯ ಗುಂಡಿ ತೋಡಿದರೆ ಇವರು ಬಿಂದಿಗೆಯಲ್ಲಿ ನೀರು ಹೊತ್ತು ತಂದು ಎರೆಯುವುದು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟುವುದು. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು ಅವರೂ ಹೋದರು. ಸಂಘವಿಲ್ಲ, ಯೋಜನೆಯಿಲ್ಲ, ಇಬ್ಬರೇ ಸೇರಿ ಮಾಡಿದ ಕೆಲಸ. ಗಿಡ ನೆಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನೆಟ್ಟ ಮೇಲೆ ನಾಲ್ಕು ಬೇಸಿಗೆ ನೀರು ಹೊತ್ತವರನ್ನು ಹುಡುಕಿದರೆ ತಿಮ್ಮಕ್ಕನ ದೊಡ್ಡತನ ಗೊತ್ತಾಗುತ್ತದೆ.

ಗುಬ್ಬಿಯ ಗುಡ್ಡಗಳಿಗೆ ಬೇರೆ ಕಥೆಯೂ ಇದೆ. ಗುಬ್ಬಿ, ಚಿಕ್ಕನಾಯಕನಹಳ್ಳಿ, ತಿಪಟೂರು ತಾಲ್ಲೂಕುಗಳಲ್ಲಿ ಕಬ್ಬಿಣದ ಅದಿರಿಗಾಗಿ ಬೆಟ್ಟ ಅಗೆದರು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದು 2023ರಲ್ಲಿ ಉದ್ಘಾಟನೆಯಾಯಿತು. ಕೆಲಸ ಬೇಕು, ಕಾರ್ಖಾನೆಯೂ ಬೇಕು. ಆದರೆ ಕಾವಲುಗಳ ಹುಲ್ಲುನೆಲ ಮಳೆಯನ್ನು ಹಿಡಿದಿಟ್ಟು ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತಿತ್ತು ಎಂಬುದನ್ನು ಸರ್ವೆ ನಕ್ಷೆ ತೋರಿಸುವುದಿಲ್ಲ.

ಕುಣಿಗಲ್ಲಿಗೆ ಬಂದರೆ ಮೊದಲು ಕಿವಿಗೆ ಬೀಳುವುದು ಹಾಡು. ಕರ್ನಾಟಕದಲ್ಲಿ ಎಷ್ಟು ಕೆರೆಗಳಿಗೆ ಇಂಥ ಹಾಡಿದೆ? ಮೂಡಲ ಕುಣಿಗಲ್ ಕೆರೆಯ ಜನಪದ ಗೀತೆ ಗೊತ್ತಿಲ್ಲದ ಕನ್ನಡಿಗ ಇರಲಿಕ್ಕಿಲ್ಲ. ಇದೇ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ವಿಶೇಷವೇ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಕಟ್ಟೆಗೆ ಸ್ವಯಂಚಾಲಿತ ಸೈಫನ್‌ಗಳಿವೆ. ನೀರು ತುಂಬಿದ ಮಟ್ಟ ಮುಟ್ಟಿತೆಂದರೆ ಯಾರ ಕೈಯೂ ತಾಗದೆ ತಾನಾಗಿ ಹೊರಕ್ಕೆ ಎಳೆದುಕೊಂಡು ಹರಿಯುತ್ತದೆ. 2022ರ ಮಳೆಗೆ ಕೆರೆಗಳು ಕೋಡಿ ಹರಿದಾಗ ಬಾಗಿನ ಕೊಡಲು, ನೀರು ನೋಡಲು ಜನ ಮುಗಿಬಿದ್ದರು.

ಅಂಥ ವರ್ಷಗಳು ಅಪರೂಪ. ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಮಳೆ ಬೀಳುವ ಈ ಸೀಮೆ ತೆಂಗು ಅಡಿಕೆಗಾಗಿ ಸಾವಿರ ಅಡಿ ಆಳದ ಬೋರ್‌ವೆಲ್ ಕೊರೆಯುತ್ತದೆ. ತುಮಕೂರು ನಗರ ಬುಗುಡನಹಳ್ಳಿ ಕೆರೆಗೆ ಬರುವ ಹೇಮಾವತಿ ನಾಲೆಯ ನೀರನ್ನು ಕುಡಿಯುತ್ತದೆ. ಈ ಹೇಮಾವತಿಯೇ ಈಗ ಜಗಳದ ಮೂಲ. ನಾಲೆಯ ನೀರನ್ನು ನೇರವಾಗಿ ಕುಣಿಗಲ್, ಮಾಗಡಿ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ನಮ್ಮ ಪಾಲು ಕಡಿಮೆಯಾಗುತ್ತದೆ ಎಂದು ಮೇಲಿನ ತಾಲ್ಲೂಕುಗಳವರು. ನಾಲೆಯ ತುದಿಯಲ್ಲಿರುವ ನಮಗೆ ಇಷ್ಟು ವರ್ಷ ಪಾಲೇ ಬಂದಿಲ್ಲ ಎಂದು ಕುಣಿಗಲ್ಲಿನವರು. ಇಬ್ಬರ ನೋವೂ ಸುಳ್ಳಲ್ಲ. ಏರಿಯ ಬುಡದ ಗದ್ದೆ, ಅಚ್ಚುಕಟ್ಟಿನ ತುದಿಯ ಗದ್ದೆ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಜಿಲ್ಲೆಯಷ್ಟು ದೊಡ್ಡದಾಗಿ ನಿಂತಿದೆ. ಎರಡೂ ಕಡೆಯವರು ಒಪ್ಪುವ, ಸ್ವಂತ ಗದ್ದೆಯಿಲ್ಲದ ಮೂರನೆಯವನು ಮಾತ್ರ ಕಾಣುತ್ತಿಲ್ಲ.

ತುಮಕೂರು ವಿಜ್ಞಾನ ಕೇಂದ್ರದಂಥ ಸಂಸ್ಥೆಗಳ ಬೆಲೆ ನನಗೆ ಕಾಣುವುದು ಇಲ್ಲಿ. ಜಲಾನಯನ, ಅಂತರ್ಜಲ, ಗಣಿ, ನಾಲೆ ಇವುಗಳ ಲೆಕ್ಕಾಚಾರವನ್ನು ಇಂಥವರು ಜನರ ಭಾಷೆಗೆ ತರಬಲ್ಲರು. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ತಮ್ಮೂರಿನ ಕೆರೆಯನ್ನೇ ವಿಷಯ ಮಾಡಿಕೊಂಡು ಬರುವ ಹುಡುಗ ಹುಡುಗಿಯರಿದ್ದಾರೆ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್‌ಗಳು ಹಳ್ಳಿಯ ಶಾಲೆಗಳಲ್ಲೂ ಇವೆ. ಜೂನ್ 5ರ ಪರಿಸರ ದಿನ ಬಂದಾಗ ಮಕ್ಕಳು ಸಾಲಾಗಿ ನಿಂತು ಸಸಿ ನೆಡುತ್ತಾರೆ. ಆಗ ಕೆರೆಗಳು ಒಣಗಿ ಬಿರುಕು ಬಿಟ್ಟಿರುತ್ತವೆ, ರಾಜಗಾಲುವೆ ಎಲ್ಲಿದೆ ಎಂದು ತೋರಿಸಿದರೂ ಕಾಣುವುದಿಲ್ಲ. ತುಮಕೂರು ಸೀಮೆಗೆ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಯಾವ ಹಳ್ಳ ಯಾವ ಕೆರೆಗೆ ಬರುತ್ತದೆ, ಯಾರ ತೋಟ ಕಾಲುವೆಯನ್ನು ನುಂಗಿದೆ, ಕೋಡಿ ನೀರು ಮುಂದಿನ ಕೆರೆಗೆ ಹೇಗೆ ಹೋಗುತ್ತದೆ ಎಂಬುದೆಲ್ಲ ಆಗ ಕಣ್ಣಿಗೆ ಕಾಣುತ್ತದೆ. ಅಷ್ಟೊತ್ತಿಗೆ ಶಾಲೆಗಳಿಗೆ ದಸರಾ ರಜೆ. ಪೇಟೆಯಲ್ಲಿ ಓದುವ ಮಕ್ಕಳೂ ಊರಿಗೆ ಬಂದಿರುತ್ತಾರೆ. ಅವರನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ಇದನ್ನೆಲ್ಲ ತೋರಿಸಬಲ್ಲ ಅಜ್ಜಂದಿರು ಕೆಲವು ಊರುಗಳಲ್ಲಿ ಇನ್ನೂ ಇದ್ದಾರೆ.